ಅಳಿವೆಯಲ್ಲಿ ಯಂತ್ರದೋಣಿಗಳ ಅಲೆಯಿಂದ ಹೊರೆದೋಣಿಗಳಿಗೂ ಗಜನಿಯ ಒಡ್ಡುಗಳಿಗೂ ರಕ್ಷಣೆ

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ, ಶರಾವತಿ ಮೊದಲಾದ ನದಿಗಳ ಅಳಿವೆಗಳಲ್ಲಿ ಆಳುಗಳನ್ನೂ ಹೊರೆಯನ್ನೂ ಸಾಗಿಸುವ ಸಣ್ಣ ದೋಣಿಗಳೂ ಮೀನುಗಾರಿಕೆಯ ದೊಡ್ಡ ಯಂತ್ರದೋಣಿಗಳೂ ಒಂದೇ ನೀರಿನಲ್ಲಿ ಸಂಚರಿಸುವುವು. ದೊಡ್ಡ ದೋಣಿಯು ತಗಲಿದರೆ ಮಾತ್ರವೇ ಅಪಾಯವೆಂದು ತಿಳಿಯಕೂಡದು. ಅದು ದೂರದಲ್ಲಿ ದಾಟಿಹೋದ ತರುವಾಯ ಬಂದು ತಲಪುವ ಅಲೆಯಿಂದಲೂ ಹೊರೆದೋಣಿಯು ಮಗುಚುವ ಸಂಭವವುಂಟು.

ಅಲೆಯ ಸ್ವಭಾವ.— ಓಡುವ ದೋಣಿಯು ನೀರನ್ನು ಇಬ್ಬದಿಗೂ ತಳ್ಳುವುದರಿಂದ ಅಲೆಗಳು ಅದರ ಹಿಂದೆ ಬೀಸಣಿಗೆಯಂತೆ ಹರಡುವುವು. ಅಲೆಯ ಎತ್ತರವು ಇಮ್ಮಡಿಯಾದರೆ ಅದರ ಶಕ್ತಿಯು ನಾಲ್ಮಡಿಯಾಗುವುದು. ಆಳವಿಲ್ಲದ ಕಡೆಯಲ್ಲಿ ಅಲೆಯು ಕಡಿದಾಗಿ ಎದ್ದು ಮುರಿಯುವುದು. ಇಳಿತದ ನೀರಿಗೆ ಎದುರಾಗಿ ಬರುವ ಅಲೆಯೂ ಹಾಗೆಯೇ. ಆದಕಾರಣ ದಡಕ್ಕೆ ಅಂಟಿಕೊಂಡರೆ ಕ್ಷೇಮವೆಂಬ ನಂಬಿಕೆಯು ಸರಿಯಲ್ಲ.

ದೋಣಿ ನಡಸುವವರು ಅನುಸರಿಸತಕ್ಕ ಕ್ರಮಗಳು.—

1. ಹೊರೆಯು ಮಿತವಾಗಿರತಕ್ಕದ್ದು. ದೋಣಿಯ ಅಂಚು ನೀರಿನಿಂದ ಒಂದು ಗೇಣು ಮಾತ್ರವೇ ಮೇಲಿದ್ದರೆ ಒಂದೂವರೆ ಅಡಿಯ ಅಲೆಯು ಸುಲಭವಾಗಿ ಒಳನುಗ್ಗುವುದು. ಮೂಟೆಗಳನ್ನು ತಳದಲ್ಲಿ ಹರಡಿ, ಜರುಗದಂತೆ ಬಿಗಿಯಬೇಕು.

2. ಅಲೆಗೆ ದೋಣಿಯ ಪಕ್ಕವನ್ನು ಒಡ್ಡಕೂಡದು. ಅಲೆಯು ತಲಪುವುದಕ್ಕೆ ಮೊದಲೇ ಮುಂತುದಿಯನ್ನು ಅದರ ಕಡೆಗೆ ತುಸು ಓರೆಯಾಗಿ ತಿರುಗಿಸಬೇಕು.

3. ವೇಗವನ್ನು ತಗ್ಗಿಸಬೇಕು, ಆದರೆ ಹುಟ್ಟು ಹಾಕುವುದನ್ನು ಪೂರ್ಣವಾಗಿ ನಿಲ್ಲಿಸಕೂಡದು. ಏಕೆಂದರೆ ನಿಂತ ದೋಣಿಯು ಹಿಡಿತಕ್ಕೆ ಸಿಕ್ಕದೆ ಅಡ್ಡ ತಿರುಗುವುದು.

4. ಕುಳಿತವರು ಏಳಕೂಡದು, ಒಂದೇ ಪಕ್ಕಕ್ಕೆ ವಾಲಲೂ ಕೂಡದು.

5. ಮೊದಲನೆಯ ಅಲೆಯ ಹಿಂದೆ ಇನ್ನೂ ಹಲವು ಬರುವುವು. ಕಲ್ಲುಕಟ್ಟಡದ ದಡಕ್ಕೆ ಬಡಿದವು ಮರಳಿಯೂ ಬರುವುವು. ನೀರು ಶಾಂತವಾದ ಮೇಲೆಯೇ ದಾರಿಗೆ ತಿರುಗಬೇಕು.

ಸಮುದ್ರದಲ್ಲಿಯೂ ಅದಕ್ಕೆ ಸೇರಿದ ಜಲಮಾರ್ಗಗಳಲ್ಲಿಯೂ ಡಿಕ್ಕಿಯನ್ನು ತಡೆಯಲು 1972ರಲ್ಲಿ ಏರ್ಪಟ್ಟ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಇಕ್ಕಟ್ಟಾದ ಕಾಲುವೆಯನ್ನು ಬಿಟ್ಟು ಬೇರೆಡೆ ಸುರಕ್ಷಿತವಾಗಿ ಹೋಗಲಾರದ ನೌಕೆಗೆ 20 ಮೀಟರಿಗಿಂತ ಚಿಕ್ಕ ದೋಣಿಗಳು ಅಡ್ಡಿಯಾಗಕೂಡದು. ಪ್ರತಿಯೊಂದು ನೌಕೆಯೂ ಸುರಕ್ಷಿತ ವೇಗದಲ್ಲಿಯೇ ಸಾಗಬೇಕೆಂಬುದೂ ಅದೇ ನಿಯಮಗಳಲ್ಲಿದೆ. ಕರ್ತವ್ಯವು ಉಭಯರಿಗೂ ಉಂಟು.

ಒಡ್ಡಿನ ರಕ್ಷಣೆ.— ದಿನವೂ ಬಡಿಯುವ ಅಲೆಯು ಮಣ್ಣಿನ ಒಡ್ಡಿನ ಬುಡವನ್ನು ಕೊರೆಯುವುದು. ಬುಡ ಸಡಿಲಿದ ಒಡ್ಡು ದೊಡ್ಡ ಭರತದ ದಿನ ಒಡೆಯುವುದು. ಉಪ್ಪನ್ನು ತಾಳುವ ಕಗ್ಗ ಬತ್ತದ ಸಹನೆಗೂ ಮಿತಿಯುಂಟು. ಇತರ ತಳಿಗಳಂತೂ ಉಳಿಯಲಾರವು. ಒಡ್ಡಿನ ಹೊರಮಗ್ಗುಲಲ್ಲಿ ಭರತದ ನೀರು ಬಂದುಹೋಗುವ ಕೆಸರಿನಲ್ಲಿ ಕಾಂಡ್ಲಾ ಗಿಡಗಳನ್ನು ಸಾಲಾಗಿ ಬೆಳಸಿದರೆ ಅವುಗಳ ಬೇರುಗಳು ಅಲೆಯ ರಭಸವನ್ನು ಮುರಿದು ಮಣ್ಣನ್ನು ಹಿಡಿಯುವುವು. ಮರದಿಂದ ಬಲಿತು ಬೀಳುವ ಉದ್ದನೆಯ ಕೋಡನ್ನೇ ಕೆಸರಿನಲ್ಲಿ ನೆಟ್ಟರೆ ಬೇರೂರುವುದು. ಗಿಡಗಳು ಬಲಿಯಲು ಕೆಲವು ವರ್ಷಗಳು ಹಿಡಿಯುವುದರಿಂದ ಅಲ್ಲಿಯವರೆಗೆ ಕೊರೆತವಿರುವ ಕಡೆ ಕಲ್ಲು ಹೊದಿಸುವುದು ಯುಕ್ತ.

ಗ್ರಾಮದ ಮುಖಂಡರು ಮಳೆಗಾಲಕ್ಕೆ ಮುಂಚೆ ಜಮೀನುದಾರರೊಡನೆ ಒಡ್ಡುಗಳನ್ನು ಸುತ್ತಿ ಪರೀಕ್ಷಿಸತಕ್ಕದ್ದು. ಯಂತ್ರದೋಣಿಗಳ ಒಡೆಯರನ್ನೂ ಕರೆದು, ಒಡ್ಡುಗಳ ಹಾಗೂ ಕಡವುಗಳ ಬಳಿ ವೇಗವನ್ನು ತಗ್ಗಿಸುವಂತೆ ಒಪ್ಪಿಸಬೇಕು. ಒಡೆದ ಒಡ್ಡನ್ನು ಮತ್ತೆ ಕಟ್ಟಬಹುದು. ನೀರುಪಾಲಾದ ಆಳು ಮರಳಿ ಬಾರನು.