ಅವ್ವನ ಸ್ಕೇಟಿಂಗ್, ನೆಂಟರ ಮಾತು

ಪ್ರಶ್ನೆ: ನಮ್ಮವ್ವನಿಗೆ 61 ವರ್ಷ. ಮೊನ್ನೆಮೊನ್ನೆಯವರೆಗೂ ಗದ್ದೆ ಕೆಲಸ ಮಾಡಿದವರು. ಅಪ್ಪ ತೀರಿಕೊಂಡ ಮೇಲೆ ಹೆತ್ತವರಿಗೆ ಕೆನಡಾ ಕೊಡುವ ಸೂಪರ್ ವೀಸಾದಲ್ಲಿ ಅಲ್ಲಿನ ಅಕ್ಕನ ಮನೆಗೆ ಹೋದರು. ಮೊಮ್ಮಗಳನ್ನು ಐಸ್ ಸ್ಕೇಟಿಂಗ್‌ಗೆ ಬಿಡಲು ಹೋಗುತ್ತಾ ತಾವೂ ಕಲಿತರು. ಈಗ ದೊಡ್ಡವರ ಸ್ಪರ್ಧೆಗೆ ಹೆಸರು ಕೊಡುತ್ತಾರಂತೆ. ವಿಡಿಯೊ ನೋಡಿದ ನಾಗಮಂಗಲದ ಸೋದರಮಾವ, 'ಗಂಡ ಸತ್ತವಳಿಗೆ ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?' ಎಂದರು. ಕೆ.ಆರ್. ಪೇಟೆಯ ಮದುವೆಮನೆಯಲ್ಲೂ ಇದೇ ಮಾತು. ಬಿದ್ದು ಸೊಂಟ ಮುರಿದರೆ ಏನು ಗತಿ? ಬೇಡ ಅಂತ ಹೇಳಲೇ?
— ಓದುಗ, ಪಾಂಡವಪುರ

ಉತ್ತರ: ನಿಮ್ಮ ಪತ್ರದಲ್ಲಿ ಅವ್ವನ ಮೂಳೆಗೆ ಸಿಕ್ಕಿದ್ದು ಒಂದೇ ಸಾಲು. ನೆಂಟರ ಮಾತೇ ನಿಮ್ಮನ್ನು ಹೆಚ್ಚು ಕೊರೆಯುತ್ತಿದೆ ಅನ್ನಿಸುತ್ತದೆ.

ಮೂಳೆಯ ಭಯ ನ್ಯಾಯವಾದದ್ದೇ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಬೀಳುವಾಗ ಯಾರೇ ಆದರೂ ಕೈ ಊರುವುದರಿಂದ ಮಣಿಕಟ್ಟಿಗೂ ಅಪಾಯ. ಹೆಸರು ಕೊಡುವ ಮುಂಚೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಲಿ, ಬಿ.ಪಿ., ಸಕ್ಕರೆ, ಕಣ್ಣು ತೋರಿಸಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸ್ಕೇಟಿಂಗ್ ವಿಷಯ ವೈದ್ಯರಿಗೆ ಹೇಳಲೇಬೇಕು. ಮೂಳೆ ತೀರಾ ಸವೆದಿದೆ ಎಂದು ವರದಿ ಬಂದರೆ ಸ್ಪರ್ಧೆ ಬೇಡ ಎಂದು ನಾನೇ ಹೇಳುತ್ತೇನೆ. ಕೆನಡಾದಲ್ಲಿ ಸ್ಕೇಟಿಂಗ್ ಕಲಿಸುವ ಕ್ಯಾನ್‌ಸ್ಕೇಟ್ ತರಗತಿಗಳಲ್ಲಿ ಹೊಸದಾಗಿ ಕಲಿಯುವವರಿಗೆ ಹೆಲ್ಮೆಟ್ ಕಡ್ಡಾಯ. ಅಭ್ಯಾಸದಲ್ಲಿ ಅವ್ವ ಅದನ್ನು ಬಿಡದಿರಲಿ, ಮಣಿಕಟ್ಟಿಗೂ ಗಾರ್ಡ್ ಇರಲಿ. ಸೂಪರ್ ವೀಸಾಕ್ಕೆ ಮಾಡಿಸಿದ ಆರೋಗ್ಯ ವಿಮೆ ಸ್ಪರ್ಧೆಯಲ್ಲಾದ ಪೆಟ್ಟಿಗೂ ಅನ್ವಯಿಸುತ್ತದೆಯೇ ಎಂದು ಅಕ್ಕ ಪಾಲಿಸಿ ಓದಿ ನೋಡಲಿ.

ಟಿ.ವಿ.ಯಲ್ಲಿ ಕಂಡ ಒಲಿಂಪಿಕ್ಸ್ ಜಿಗಿತಗಳನ್ನು ನೆನೆದು ಹೆದರಬೇಡಿ; ವಯಸ್ಕರ ಸ್ಪರ್ಧೆಯೇ ಬೇರೆ. ಜರ್ಮನಿಯ ಒಬರ್ಸ್ಟ್‌ಡಾರ್ಫ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ವಯಸ್ಕರ ಸ್ಪರ್ಧೆ 2005ರಲ್ಲಿ ಶುರುವಾಯಿತು. 28 ತುಂಬಿದವರಿಗೆ ಪ್ರವೇಶ. ಅರವತ್ತು, ಎಪ್ಪತ್ತು ದಾಟಿದವರಿಗೂ ಅವರವರ ವಯಸ್ಸಿನ ಗುಂಪಿದೆ. ಬ್ರಾಂಜ್, ಸಿಲ್ವರ್, ಗೋಲ್ಡ್, ಮಾಸ್ಟರ್ಸ್ ಎಂದು ಹಂತಗಳು. ಬ್ರಾಂಜ್‌ನಲ್ಲಿ ಗಾಳಿಯಲ್ಲಿ ಒಂದೂವರೆ ಸುತ್ತು ತಿರುಗುವ ಆಕ್ಸೆಲ್ ಜಿಗಿತಕ್ಕೂ ಅನುಮತಿಯಿಲ್ಲ. ಕೆನಡಾದಲ್ಲೂ ವಯಸ್ಕರಿಗೆ ಬೇರೆ ಸ್ಪರ್ಧೆಗಳಿವೆ. ಅವ್ವನಿಗೆ ಯಾವ ಹಂತ ಸರಿ ಎಂಬುದನ್ನು ಕೋಚ್ ಹೇಳಲಿ, ಮನೆಯವರ ಉತ್ಸಾಹವಲ್ಲ.

ಇನ್ನು ಮಾವನ ಮಾತು. ಓದಿ ನನಗೆ ಸಂಕಟವಾಯಿತು. ಮಳೆಗಾಲದ ಬದುವಿನ ಮೇಲೆ ಹುಲ್ಲುಹೊರೆ ಹೊತ್ತು ನಡೆಯುವ ಹೆಂಗಸರನ್ನು 'ಜಾರಿ ಬಿದ್ದೀಯೆ, ನಿಲ್ಲು' ಎಂದು ನಮ್ಮ ಕಡೆ ಯಾರು ತಡೆಯುತ್ತಾರೆ? ತಮ್ಮ ಖುಷಿಗಾಗಿ ಹೆಜ್ಜೆ ಹಾಕಿದಾಗಲೇ ಅವರ ವಯಸ್ಸು, ವೈಧವ್ಯ ಎಲ್ಲರಿಗೂ ನೆನಪಾಗುತ್ತದೆ. ಮಾವನ ಹತ್ತಿರ ಜಗಳ ಬೇಡ. 'ಅವ್ವ ಡಾಕ್ಟರನ್ನು ಕೇಳಿಯೇ ಆಡುತ್ತಾರೆ, ನನಗೂ ಸಂತೋಷ' ಎಂದು ಎಲ್ಲರ ಎದುರೇ ಹೇಳಿ. ಮಗನ ಬಾಯಿಂದ ಆ ಮಾತು ಬಂದರೆ ಮದುವೆಮನೆಯ ಪಿಸುಮಾತಿಗೆ ಬಲ ಕಡಿಮೆಯಾಗುತ್ತದೆ.

ಬೇಡವೆನ್ನಲು ಫೋನ್ ಮಾಡಬೇಡಿ. ಏನೇನು ಕಲಿತರು, ಯಾವ ಹಾಡಿಗೆ ಆಡುತ್ತಾರೆ, ಎಷ್ಟು ಸಲ ಬಿದ್ದರು ಎಂದು ಮೊದಲು ಕೇಳಿ. ಸ್ಕ್ಯಾನ್ ಮಾತು ಆಮೇಲೆ ತೆಗೆಯಿರಿ. ವರದಿ ಬಂದ ಮೇಲೆ ಮತ್ತೆ ಬರೆಯಿರಿ.