ವೆಲ್ಡಿಂಗ್ ಮಿಷನ್ನಿನ ಹಿಂಭಾಗ: ಎರಡು 'ಅರ್ಥ್' ಒಂದೇ ಅಲ್ಲ



ಹಿಂದೂಪುರ, ಕಲ್ಯಾಣದುರ್ಗದ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗಳಲ್ಲಿ ಗೇಟು, ಕಿಟಕಿ ಮಾಡೋದನ್ನ ನೀವು ನೋಡಿರುತ್ತೀರಿ. ಕಿಡಿಯನ್ನು ಬರಿಗಣ್ಣಿನಿಂದ ನೋಡಬಾರದು. ಕೆಲಸ ನಿಂತಾಗ ದೂರದಿಂದಲೇ ಮಿಷನ್ನಿನ ಹಿಂಭಾಗವನ್ನು ಗಮನಿಸಿ. ನಮ್ಮ ವಿದ್ಯುತ್ ಪಾಠ ಅಲ್ಲೇ ಇದೆ.

ಹಿಂದೆ ಏನೇನಿದೆ?

1. ಮೂರು ಎಳೆಯ ಕೇಬಲ್: ಕೆಂಪು ಅಥವಾ ಕಂದು ಫೇಸ್ (ಸಜೀವ ತಂತಿ), ಕಪ್ಪು ಅಥವಾ ನೀಲಿ ನ್ಯೂಟ್ರಲ್ (ತಟಸ್ಥ ತಂತಿ), ಹಸಿರು ಅಥವಾ ಹಸಿರು-ಹಳದಿ ಅರ್ಥ್ (ಭೂಸಂಪರ್ಕ ತಂತಿ).
2. ಆನ್-ಆಫ್ ಸ್ವಿಚ್.
3. ಫ್ಯಾನ್: ಒಳಗಿನ ಭಾಗಗಳನ್ನು ತಣ್ಣಗಿಡುತ್ತದೆ. ಆದ್ದರಿಂದ ಮಿಷನ್ನನ್ನು ಗೋಡೆಗೆ ಒತ್ತಿ ಇಡಬಾರದು.
4. ಕೆಲವು ಮಿಷನ್ನುಗಳಲ್ಲಿ, ತಗಡಿನ ಮೈಗೆ ಸೇರಿದ ಅರ್ಥ್ ಬೋಲ್ಟ್.

ಹಿಂದಿನ ವೈರು ಸಣ್ಣ, ಮುಂದಿನದು ದಪ್ಪ. ಯಾಕೆ?

ರಾಡ್ ಉರಿಯುವಾಗ ಮುಂದೆ ಸುಮಾರು 25 ವೋಲ್ಟ್, 120 ಆಂಪಿಯರ್ ಇದೆ ಎಂದುಕೊಳ್ಳಿ.

ಸಾಮರ್ಥ್ಯ = 25 × 120 = 3000 ವ್ಯಾಟ್
ಹಿಂದಿನ ಪ್ರವಾಹ = 3000 ÷ 230 = ಸುಮಾರು 13 ಆಂಪಿಯರ್

ಒಳಗಿನ ಪರಿವರ್ತಕ ವೋಲ್ಟೇಜ್ ಇಳಿಸಿ ಪ್ರವಾಹ ಏರಿಸುತ್ತದೆ. ಶಾಖವಾಗಿ ನಷ್ಟವಾಗುವುದನ್ನೂ ಸೇರಿಸಿದರೆ ಹಿಂದಿನ ಪ್ರವಾಹ 13ಕ್ಕಿಂತ ಹೆಚ್ಚೇ. ಹಾಗಾಗಿ ಮನೆಯ 6 ಆಂಪಿಯರ್ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿದರೆ ವೈರು ಕಾದು ಸುಟ್ಟುಹೋಗಬಹುದು.

ಎರಡು 'ಅರ್ಥ್'

ಮುಂದೆ ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪಿಗೂ ಎಲ್ಲರೂ 'ಅರ್ಥ್' ಅಂತಲೇ ಹೇಳ್ತಾರೆ. ಆದರೆ ಅದರ ಕೆಲಸ ವೆಲ್ಡಿಂಗ್ ಮಂಡಲವನ್ನು ಪೂರ್ಣಗೊಳಿಸುವುದು ಮಾತ್ರ. ಜೀವ ಕಾಯುವುದು ಹಿಂದಿನ ಹಸಿರು ತಂತಿ. ಒಳಗೆ ಫೇಸ್ ವೈರಿನ ಹೊದಿಕೆ ಹರಿದು ತಗಡಿಗೆ ತಾಗಿದರೆ, ಪ್ರವಾಹ ಈ ತಂತಿಯಲ್ಲಿ ನೆಲಕ್ಕೆ ಹರಿಯುತ್ತದೆ. ಹಸಿರು ತಂತಿ ಕತ್ತರಿಸಿದ್ದರೆ ತಗಡಿನ ಮೈಯಲ್ಲಿ 230 ವೋಲ್ಟ್ ಹಾಗೇ ಉಳಿಯುತ್ತದೆ. ಮುಂದಿನ ಕ್ಲ್ಯಾಂಪ್ ಸರಿಯಾಗಿದ್ದರೂ ಮುಟ್ಟಿದವರಿಗೆ ಷಾಕ್ ತಪ್ಪಿದ್ದಲ್ಲ.

ಒಣ ನೆಲದ ಲೆಕ್ಕ

ಹಸಿರು ತಂತಿ ಇದ್ದರಷ್ಟೇ ಸಾಲದು, ನೆಲವೂ ಸಹಕರಿಸಬೇಕು. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಒಣ ಮಣ್ಣಿನ ರೋಧ ಹೆಚ್ಚು. ನೆಲದ ದಾರಿಯ ಒಟ್ಟು ರೋಧ 2 ಓಮ್ ಇದ್ದರೆ 230 ÷ 2 = 115 ಆಂಪಿಯರ್ ಹರಿದು, 20 ಆಂಪಿಯರಿನ ಎಂ.ಸಿ.ಬಿ. ಬೇಗ ಬೀಳುತ್ತದೆ. ರೋಧ 20 ಓಮ್ ಆದರೆ? 230 ÷ 20 = 11.5 ಆಂಪಿಯರ್ ಮಾತ್ರ. ಎಂ.ಸಿ.ಬಿ. ಬೀಳುವುದೇ ಇಲ್ಲ! ಅದಕ್ಕೇ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕುತ್ತಾರೆ. ಜೊತೆಗೆ 30 ಮಿಲಿಆಂಪಿಯರ್ ಸೋರಿದರೂ ಬೀಳುವ ಆರ್.ಸಿ.ಸಿ.ಬಿ. ಇದ್ದರೆ ಇನ್ನೂ ಕ್ಷೇಮ.

ಎಚ್ಚರಿಕೆ: ಪ್ಲಗ್ ತೆಗೆದ ಮೇಲೂ ಇನ್ವರ್ಟರ್ ಮಿಷನ್ನಿನ ಒಳಗಿನ ಕೆಪಾಸಿಟರುಗಳಲ್ಲಿ ಆವೇಶ ಉಳಿದಿರಬಹುದು. ಕವರ್ ಬಿಚ್ಚಬೇಡಿ.

ಯೋಚಿಸಿ, ಉತ್ತರಿಸಿ

1. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ. ಯಾಕೆ?
2. ಹಸಿರು ತಂತಿ ಸರಿಯಿದ್ದು ನೆಲದ ದಾರಿಯ ರೋಧ 10 ಓಮ್ ಆದರೆ, 20 ಆಂಪಿಯರಿನ ಎಂ.ಸಿ.ಬಿ. ಬೇಗ ಬೀಳುತ್ತದೆಯೇ? ಲೆಕ್ಕ ಮಾಡಿ ಹೇಳಿ.