ತಂತಿಗಿಂತ ಮೊದಲು ವಸಡು

ತಂಗಿ, ನಲವತ್ತು ದಾಟಿದ ಮೇಲೆ ಮುಂದಿನ ಹಲ್ಲಿನಲ್ಲಿ ಸಂದು ಬಿದ್ದಿದೆ, ತಂತಿ ಹಾಕಿಸಿಬಿಡುತ್ತೇನೆ ಅಂದೆಯಲ್ಲ, ಅದಕ್ಕೇ ಈ ನಾಲ್ಕು ಮಾತು. ಹಾಕಿಸಿಕೊಳ್ಳಬೇಡ ಅನ್ನುತ್ತಿಲ್ಲ. ಅವಸರ ಮಾತ್ರ ಬೇಡ.

ಸಾಲಾಗಿದ್ದ ಹಲ್ಲು ಈ ವಯಸ್ಸಿನಲ್ಲಿ ಸುಮ್ಮನೆ ಜಾಗ ಬಿಡುವುದು ಕಡಿಮೆ. ಹಲ್ಲುಜ್ಜಿ ಉಗುಳಿದ ನೊರೆಯಲ್ಲಿ ಕೆಂಪು ಎಳೆ ಕಂಡಿದ್ದೀಯಾ? ನಮ್ಮ ಅಕ್ಕಿಆಲೂರು ರಕ್ತದಾನಿಗಳ ತವರು ಅಂತ ಹೆಸರಾದ ಊರು, ಹನಿ ರಕ್ತದ ಬೆಲೆ ಬಲ್ಲ ಊರು. ಬಚ್ಚಲಲ್ಲಿ ಹರಿದುಹೋಗುವ ಆ ಹನಿಯನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ವಸಡು ಕೆಟ್ಟಿರುವುದರ ಗುರುತು, ನೋವಿಲ್ಲವೆಂದು ಬಿಟ್ಟರೆ ಹಲ್ಲು ಹಿಡಿದ ಎಲುಬು ಒಳಗೊಳಗೇ ಸವೆಯುತ್ತದೆ.

ತಂತಿ ಎಳೆದಾಗ ಹಲ್ಲು ಒತ್ತುವ ಕಡೆ ಎಲುಬು ಕರಗಿ, ಬಿಟ್ಟುಬಂದ ಕಡೆ ಹೊಸದು ಕೂಡುತ್ತದೆ. ವಸಡು ಬಾತುಕೊಂಡಿದ್ದರೆ ಕರಗುವುದೇ ಹೆಚ್ಚು. ಮಳೆಗೆ ನೆನೆದು ಸಡಿಲಾದ ಬದುವಿನಲ್ಲಿ ವಾಲಿದ ಬೇಲಿಗೂಟ ಎಳೆದರೆ ಗೂಟವೇ ಕೈಗೆ ಬರುತ್ತದೆ. ಮೊದಲು ಮಣ್ಣು ಗಟ್ಟಿಯಾಗಬೇಕು.

ಹಾಗಾಗಿ ಮೊದಲು ವಸಡಿನ ಡಾಕ್ಟರನ್ನು ಕಾಣು. ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಹಲ್ಲಿನ ಸುತ್ತ ವಸಡಿನ ಸಂದಿಗೆ ಇಳಿಸಿ ಆಳ ಅಳೆಯುತ್ತಾರೆ. 3 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. 5, 6 ಬಂದರೆ ಬೇರಿನವರೆಗೂ ಕ್ಲೀನ್ ಮಾಡಿಸಬೇಕು. ಮತ್ತೆ ಅಳೆಸಿ, ರಕ್ತ ನಿಂತು, ಆಳ 4ಕ್ಕೆ ಇಳಿದ ಮೇಲೆ ತಂತಿಯ ಮಾತು. ಆಗಲೂ ಎಳೆತ ಹಗುರವಾಗಿರಲಿ, ಮೂರು ತಿಂಗಳಿಗೊಮ್ಮೆಯಾದರೂ ವಸಡು ತೋರಿಸು. ಧಾರವಾಡದ ಸತ್ತೂರಿನಲ್ಲಿ 1986ರಿಂದ ಎಸ್‌ಡಿಎಂ ದಂತ ಕಾಲೇಜಿದೆ. ವಸಡಿನವರೂ ತಂತಿಯವರೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತಾರೆ, ಇಬ್ಬರೂ ಕೂಡಿ ನೋಡುವುದೇ ಒಳ್ಳೆಯದು.

ಸಕ್ಕರೆ ಕಾಯಿಲೆ ಇದೆಯೇ ಅಂತ ಪರೀಕ್ಷೆ ಮಾಡಿಸು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಸುಲಭಕ್ಕೆ ಹಿಡಿತಕ್ಕೆ ಬರುವುದಿಲ್ಲ. ಮನೆಯವರಿಗೂ ಹೇಳು: ಬೀಡಿ ಸೇದುವವರಿಗೆ ವಸಡು ಕೆಟ್ಟರೂ ರಕ್ತ ಅಷ್ಟಾಗಿ ಕಾಣುವುದಿಲ್ಲ, ಅದನ್ನು ಆರೋಗ್ಯ ಅಂದುಕೊಳ್ಳಬಾರದು.

ತಂತಿ ಬಿಚ್ಚಿದ ಮೇಲೂ ಹಲ್ಲಿನ ಹಿಂಬದಿಗೆ ಸಣ್ಣ ತಂತಿಯೊಂದನ್ನು ಅಂಟಿಸಿ ಬಿಡುತ್ತಾರೆ. ಬೇಸರಿಸಬೇಡ, ಎಲುಬು ಸವೆದ ಹಲ್ಲಿಗೆ ಆ ಊರುಗೋಲು ಕಡೆಯತನಕ ಬೇಕು.

ರಕ್ತ ಬರುತ್ತದೆಂದು ಆ ಜಾಗ ಬಿಟ್ಟು ಉಜ್ಜಬೇಡ, ಮೆತ್ತನೆ ಬ್ರಷ್‌ನಿಂದ ಅಲ್ಲೇ ನಿಧಾನ ಉಜ್ಜು. ನಾಳೆ ಬೆಳಗ್ಗೆ ಉಗುಳಿದ ನೊರೆಯನ್ನು ನೀರು ಹಾಕುವ ಮೊದಲು ಒಮ್ಮೆ ನೋಡು. ಕೆಂಪು ಕಂಡರೆ ತಡಮಾಡದೆ ಬಸ್ಸು ಹತ್ತು. ಬೇಕಿದ್ದರೆ ನಾನೂ ಜೊತೆಗೆ ಬರುತ್ತೇನೆ.